ಮೊದಲು ಒಂದು ತಂತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಸಂಗೀತ ಕಲಿಯುವುದೆಂದರೆ ಬಹುಕಾಲ ಹಾರ್ಮೋನಿಯಂ ಮುಂದೆ ಕೂರುವುದೇ ಆಗಿತ್ತು. ಕಂಪನಿ ನಾಟಕ, ಜಾತ್ರೆಗೆ ಊರವರೇ ಆಡುವ ನಾಟಕ, ಮಠದ ಭಜನೆ ಎಲ್ಲಕ್ಕೂ ಹಾರ್ಮೋನಿಯಂ ಮಾಸ್ತರರೇ ಆಧಾರ. ಪಿಯಾನೊ ಇಲ್ಲಿ ಅಪರೂಪ. ಅದರ ಬಳಗದ ಹಾರ್ಮೋನಿಯಂ ಮತ್ತು ಈಚಿನ ಕೀಬೋರ್ಡ್ ಎಲ್ಲರಿಗೂ ಗೊತ್ತು. ಹೀಗೆ ಬಿಳಿ, ಕರಿ ಮನೆಗಳ ಮೇಲೆ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು ನಡುವಯಸ್ಸಿನಲ್ಲಿ ಗಿಟಾರ್ ಹಿಡಿದಾಗ ಅವರಿಗೆ ಸಿಗುವ ಪಾಠ ತಕ್ಕದ್ದೇ? ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಿನ ರೂಢಿ ಎಲ್ಲರಿಗೂ ಗೊತ್ತಿರುವಂಥದ್ದು. ಮೊಬೈಲ್ ವಿಡಿಯೊ ಇರಲಿ, ಸಂಜೆಯ ತರಗತಿ ಇರಲಿ, ಮೊದಲ ದಿನವೇ ಜಿ, ಸಿ, ಡಿ ಎಂಬ ಕಾರ್ಡ್‌ಗಳು. ಬೆರಳು ಎಲ್ಲಿಡಬೇಕೆಂಬ ಚಿತ್ರ ನೋಡಿ ಒತ್ತುವುದು, ಬಲಗೈಯಿಂದ ಮೇಲೆ ಕೆಳಗೆ ಮೀಟುವುದು, ಒಂದು ಸಿನಿಮಾ ಹಾಡು ಮುಗಿಸುವುದು. ಈ ಕ್ರಮಕ್ಕೆ ಅದರದೇ ಗುಣವಿದೆ. ಬೇಗ ಹಾಡಿಗೆ ಜೊತೆಯಾಗಬಹುದು, ಉತ್ಸಾಹ ಉಳಿಯುತ್ತದೆ. ಆದರೆ ಸ್ವರವೇ ಗೊತ್ತಿಲ್ಲದ ಹದಿಹರೆಯದವರಿಗಾಗಿ ಹುಟ್ಟಿದ ಕ್ರಮ ಇದು. ಹಾರ್ಮೋನಿಯಂ ಬಲ್ಲವರ ಕಿವಿಯಲ್ಲಿ ಆಗಲೇ ರಾಗಗಳಿವೆ, ಷಡ್ಜ ಪಂಚಮಗಳ ಸಂಬಂಧ ಗೊತ್ತಿದೆ. ಇವರ ಕೊರತೆ ಇರುವುದು ಬೆರಳಿನಲ್ಲಿ, ಕಿವಿಯಲ್ಲಲ್ಲ. ಚಿತ್ರ ನೋಡಿ ಬೆರಳಿಡುವ ಪಾಠ ಇವರ ಕಿವಿಯನ್ನು ಕೆಲಸವಿಲ್ಲದೆ ಕೂರಿಸಿಬಿಡುತ್ತದೆ.

ಎರಡು ವಾದ್ಯಗಳ ವ್ಯತ್ಯಾಸವನ್ನು ಸರಿಯಾಗಿ ಗ್ರಹಿಸಿದರೆ ದಾರಿ ಕಾಣುತ್ತದೆ. ಪಿಯಾನೊದ 88 ಮನೆಗಳಲ್ಲಿ ಒಂದು ಸ್ವರಕ್ಕೆ ಒಂದೇ ಜಾಗ. ಗಿಟಾರಿನಲ್ಲಿ ಮೊದಲ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಎರಡನೆಯ ತಂತಿಯ 5ನೇ ಮನೆಯಲ್ಲಿ, ಮೂರನೆಯದರ 9ನೇ ಮನೆಯಲ್ಲಿ, ನಾಲ್ಕನೆಯದರ 14ನೇ ಮನೆಯಲ್ಲಿ ಮತ್ತೆ ಸಿಗುತ್ತದೆ. ಜೊತೆಗೆ, ಹಾರ್ಮೋನಿಯಂ ಸ್ವರವನ್ನು ಸಿದ್ಧವಾಗಿ ಕೊಡುತ್ತದೆ. ತಂತಿವಾದ್ಯದಲ್ಲಿ ಶ್ರುತಿ ಮಾಡುವವರು, ಒತ್ತುವವರು, ಎಳೆಯುವವರು ನಾವೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದೆಂಬ ಕಾರಣವೂ ಸೇರಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಿತು. ಆ ನಿಷೇಧ ಮೂರು ದಶಕ ಉಳಿಯಿತು. ನಾಟಕದ ಅಂಗಳದಲ್ಲಿ ಬೆಳೆದ ನಮಗೆ ಆ ನಿರ್ಧಾರ ಕಟುವೆನಿಸುತ್ತದೆ. ಆದರೆ ಆ ಕೊರತೆ ಸುಳ್ಳಲ್ಲ. ಹಾರ್ಮೋನಿಯಂ ಬಿಟ್ಟು ತಂತಿಗೆ ಬರುವವರಿಗೆ ಸಿಗಬೇಕಾದ ದೊಡ್ಡ ಲಾಭ ಈ ಜಾರುವಿಕೆಯೇ. ಕಾರ್ಡ್‌ನಿಂದ ಶುರುವಾಗುವ ಪಾಠ ಮೊದಲು ತಪ್ಪಿಸುವುದೂ ಅದನ್ನೇ.

ಮನೆಗಳಿಂದ ತಂತಿಗೆ ನಡೆದವರಲ್ಲಿ ಕನ್ನಡ ನಾಡಿನ ಶ್ರೇಷ್ಠ ಉದಾಹರಣೆ ಜಯಚಾಮರಾಜ ಒಡೆಯರು. ಪಾಶ್ಚಾತ್ಯ ಸಂಗೀತದಲ್ಲಿ ಅವರದು ಗಂಭೀರ ಅಭ್ಯಾಸ, ಪಿಯಾನೊ ಅವರ ಮೊದಲ ಪ್ರೀತಿ. ರಷ್ಯಾದ ಸಂಯೋಜಕ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಇವರೇ. 1940ರಲ್ಲಿ ಪಟ್ಟಕ್ಕೆ ಬಂದ ಮೇಲೆ ಕರ್ನಾಟಕ ಸಂಗೀತದತ್ತ ತಿರುಗಿ, ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮುಂದೆ ‘ಶ್ರೀವಿದ್ಯಾ’ ಮುದ್ರಿಕೆಯಲ್ಲಿ 94 ಕೃತಿಗಳನ್ನು ರಚಿಸಿದರು. ಅರಮನೆಯ ಅನುಕೂಲ ಎಲ್ಲರಿಗೂ ಇಲ್ಲ, ನಿಜ. ನಾವು ಕಲಿಯಬೇಕಾದದ್ದು ಅವರು ನಡೆದ ಕ್ರಮವನ್ನು. ಪಿಯಾನೊದ ಸ್ವರಮೇಳವನ್ನು ಅವರು ವೀಣೆಯ ಮೇಲೆ ಹೇರಲಿಲ್ಲ. ಆ ಕೃತಿಗಳಲ್ಲಿ ಕೇಳುವುದು ರಾಗ ಮತ್ತು ಗಮಕದ ಒಂದೇ ಧಾರೆ. ಬಲ್ಲದ್ದನ್ನು ಬದಿಗಿಟ್ಟು, ಹೊಸ ವಾದ್ಯ ತಾನೇ ಏನು ಹೇಳುತ್ತದೆಂದು ಕೇಳುವ ಈ ವಿನಯ ದೊಡ್ಡವರಾದ ಮೇಲೆ ಕಲಿಯುವವರಿಗೆ ಅತ್ಯಗತ್ಯ.

ನಮ್ಮ ಸೀಮೆಗೆ ಇದನ್ನು ಕಲಿಸುವ ವಾದ್ಯ ಕೈಯಳತೆಯಲ್ಲೇ ಇದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಬರುವ ಜೋಗತಿಯರ ಚೌಡಿಕೆ ನೋಡಿ. ಬಗಲಲ್ಲಿ ಅವುಚಿಕೊಂಡ ಡಬ್ಬಿ, ಅದಕ್ಕೊಂದು ತಂತಿ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮನೆಗಳೇ ಇಲ್ಲ, ಕಿವಿಯೇ ಅಳತೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಾಗ ಜೋಗತಿ ಕಲೆಗೆ ದೇಶದ ಮನ್ನಣೆ ಬಂತು. ಗಿಟಾರ್ ಕಲಿಸುವವರು ಮಾತ್ರ ಆ ಕಲೆಯನ್ನು ಪಾಠದ ಸಾಮಗ್ರಿ ಎಂದು ಇನ್ನೂ ನೋಡಿಲ್ಲ. ಅದು ನಷ್ಟ.

ಆದ್ದರಿಂದ ನನ್ನ ಒತ್ತಾಯ ಇದು. ಹಾರ್ಮೋನಿಯಂ ಬಲ್ಲವರಿಗೆ ಮೊದಲ ವಾರಗಳಲ್ಲಿ ಕಾರ್ಡ್ ಬೇಡ, ಒಂದೇ ತಂತಿ ಕೊಡಿ. ಗೊತ್ತಿರುವ ಭಜನೆಯ, ರಂಗಗೀತೆಯ ಮಟ್ಟನ್ನು ಅದರ ಮೇಲೆ ಹುಡುಕಲಿ. ಸ್ವರವನ್ನು ಎಳೆದು ಮುಂದಿನದಕ್ಕೆ ಮುಟ್ಟಿಸಲಿ. ಆಮೇಲೆ ಅದೇ ಮಟ್ಟನ್ನು ಎರಡನೆಯ ತಂತಿಯಲ್ಲಿ ಬೇರೆ ಜಾಗದಿಂದ ನುಡಿಸಲಿ. ಅಷ್ಟರಲ್ಲಿ ಬೆರಳ ತುದಿಯೂ ಗಟ್ಟಿಯಾಗುತ್ತದೆ. ಕಾರ್ಡ್ ಬರುವ ಹೊತ್ತಿಗೆ ಅದು ಚಿತ್ರವಾಗಿ ಅಲ್ಲ, ಸ್ವರಗಳ ಕೂಟವಾಗಿ ಕೇಳಿಸುತ್ತದೆ. ಸ, ಗ, ಪ ಒಟ್ಟಿಗೆ ಒತ್ತಿ ಬಲ್ಲವರಿಗೆ ಅದು ಹೊಸತೇನಲ್ಲ.

ಗಿಟಾರಿಗೂ ಮಿತಿಯಿದೆ. ಮೆಟ್ಟುಗಳ ಮೇಲೆ ಒತ್ತಿ ಎಳೆದರೆ ಸ್ವರ ಸ್ವಲ್ಪವೇ ಏರುತ್ತದೆ, ವೀಣೆಯಷ್ಟು ದೂರ ಹೋಗದು. ಉದ್ದನೆಯ ಜಾರುವಿಕೆಗಾಗಿ, ಅಂದರೆ ಮೀಂಡ್‌ಗಾಗಿ, ವಿಶ್ವಮೋಹನ ಭಟ್ಟರು ಗಿಟಾರಿನ ರೂಪವನ್ನೇ ಬದಲಿಸಿ, ತಂತಿಯ ಮೇಲೆ ಕೋಲು ಜಾರಿಸಿ ನುಡಿಸಬೇಕಾಯಿತು. 1994ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಸಾಮಾನ್ಯ ಗಿಟಾರಿನಿಂದ ಅಷ್ಟನ್ನು ನಿರೀಕ್ಷಿಸಬೇಕಿಲ್ಲ. ಹಾರ್ಮೋನಿಯಂ ಕೊಡಲಾಗದ ಒಂದು ಎಳೆತವನ್ನು ಅದು ಕೊಟ್ಟರೂ ಕಲಿಕೆ ಸಾರ್ಥಕ.

ವಯಸ್ಸಾದ ಮೇಲೆ ಕಲಿಯುವವರಿಗೆ ತಾಳ್ಮೆ ಕಡಿಮೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆರಳಿಗಿಂತ ಕಿವಿ ಬಹಳ ಮುಂದಿರುವುದರಿಂದ ತಮ್ಮ ತಪ್ಪು ಅವರಿಗೆ ಕೂಡಲೇ ಕೇಳಿಸುತ್ತದೆ, ಅದಕ್ಕೇ ಚಡಪಡಿಕೆ. ಒಳ್ಳೆಯ ಪಾಠ ಆ ಕಿವಿಯನ್ನು ಬಂಡವಾಳವಾಗಿ ಬಳಸಬೇಕು. ನಾಟಕ, ಭಜನೆ, ಚೌಡಿಕೆಗಳಿಂದ ಇಷ್ಟೊಂದು ಕಿವಿಗಳನ್ನು ಪಳಗಿಸಿದ ಸೀಮೆಯಲ್ಲಿ ಗಿಟಾರ್ ಪಾಠ ಇಲ್ಲಿಯ ಹಾಡಿನಿಂದಲೇ ಶುರುವಾಗಬೇಕು.