ಅವಶ್ಯಕತೆಯ ನಿರೂಪಣೆ: ‘ಭೂಮಿ’ ಯೋಜನೆಯ ಒಂದು ವಿಮರ್ಶೆ

ಯಾವುದೊಂದು ಸಂಸ್ಥೆಯು ತನ್ನ ವ್ಯವಹಾರಕ್ಕೆ ಗಣಕಯಂತ್ರವನ್ನು ಅಳವಡಿಸಿಕೊಳ್ಳಲು ಹೊರಟಾಗ, ಯಂತ್ರದ ಕೆಲಸಕ್ಕಿಂತ ಮೊದಲು ಮಾತಿನ ಕೆಲಸ ನಡೆಯುತ್ತದೆ. ಮಾಹಿತಿ ತಂತ್ರಜ್ಞಾನದ ಸಲಹೆಗಾರರು ಬಂದು ಅಧಿಕಾರಿಗಳನ್ನೂ ಗುಮಾಸ್ತರನ್ನೂ ಪ್ರಶ್ನಿಸುತ್ತಾರೆ. ಕಡತವು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವ ದಾರಿಯನ್ನು ಚಿತ್ರಿಸುತ್ತಾರೆ. ಅನಿವಾರ್ಯವಾದುದನ್ನೂ ಅಪೇಕ್ಷಣೀಯವಾದುದನ್ನೂ ಬೇರ್ಪಡಿಸುತ್ತಾರೆ. ಯೋಜನೆಯ ವ್ಯಾಪ್ತಿಗೆ ಎಲ್ಲೆಯನ್ನು ಹಾಕುತ್ತಾರೆ. ಹೀಗೆ ಸಿದ್ಧವಾದ ಅವಶ್ಯಕತಾ ಪತ್ರಕ್ಕೆ ಸಂಸ್ಥೆಯ ಸಹಿ ಬಿದ್ದ ಮೇಲೆ ಅದೇ ಮುಂದಿನ ಎಲ್ಲ ಕಾರ್ಯಕ್ಕೂ ಶಾಸನ. ಅದರಲ್ಲಿ ಬರೆದುದು ನಿರ್ಮಾಣವಾಗುತ್ತದೆ. ಬರೆಯದೆ ಬಿಟ್ಟುದಕ್ಕೆ ಹೊಸ ಕರಾರು, ಹೊಸ ವೆಚ್ಚ. ಈ ಪತ್ರವನ್ನು ತಂತ್ರಜ್ಞರ ಆಂತರಿಕ ವಿಷಯವೆಂದು ಇತಿಹಾಸದ ವಿದ್ಯಾರ್ಥಿಗಳು ಬದಿಗಿಡುವುದು ವಾಡಿಕೆ. ಇದು ಆಡಳಿತದ ಇತಿಹಾಸಕ್ಕೆ ಸೇರಿದ ದಸ್ತೈವಜು ಎಂದೂ, ಇತರ ದಸ್ತೈವಜುಗಳಂತೆಯೇ ಇದನ್ನು ಪರೀಕ್ಷಿಸಬೇಕೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿದ್ಯೆಯ ಆಚಾರ್ಯರೇ ಇಲ್ಲಿರುವ ತೊಡಕನ್ನು ಬಹಳ ಹಿಂದೆ ಗುರುತಿಸಿದ್ದರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬವರು ಅವಶ್ಯಕತೆ, ವಿನ್ಯಾಸ, ರಚನೆ, ಪರೀಕ್ಷೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ರಮವನ್ನು ವಿವರಿಸಿ, ಅದನ್ನು ಇದ್ದಂತೆಯೇ ಅನುಸರಿಸುವುದು ಅಪಾಯಕರವೆಂದು ಅದೇ ಪ್ರಬಂಧದಲ್ಲಿ ಎಚ್ಚರಿಸಿದರು. ಲೋಕವು ಮೆಟ್ಟಿಲುಗಳನ್ನು ಸ್ವೀಕರಿಸಿತು, ಎಚ್ಚರಿಕೆಯನ್ನು ಬಿಟ್ಟಿತು. ಏನನ್ನು ಕಟ್ಟಬೇಕೆಂದು ಖಚಿತವಾಗಿ ನಿರ್ಣಯಿಸುವುದೇ ಈ ಕಾರ್ಯದ ಅತ್ಯಂತ ಕಠಿನ ಭಾಗವೆಂದು ಫ್ರೆಡರಿಕ್ ಬ್ರೂಕ್ಸ್ 1986ರಲ್ಲಿ ಪ್ರತಿಪಾದಿಸಿದರು. ಆದರೆ ಆ ನಿರ್ಣಯವನ್ನು ಯಾರು ಮಾಡುತ್ತಾರೆ, ಯಾರ ಬಾಯಿಂದ ಕೇಳಿ ಮಾಡುತ್ತಾರೆ ಎಂಬ ಪ್ರಶ್ನೆ ತಂತ್ರದ್ದಲ್ಲ. ಅದು ಅಧಿಕಾರಕ್ಕೆ ಸಂಬಂಧಪಟ್ಟದ್ದು.

ನಮ್ಮ ಭಾಗದ ಇತಿಹಾಸದಲ್ಲಿ ಈ ಪ್ರಶ್ನೆ ಹೊಸದಲ್ಲ. 1830ರ ಆಸುಪಾಸಿನಲ್ಲಿ ಮುಂಬಯಿ ಇಲಾಖೆಯ ಪುಣೆ ಜಿಲ್ಲೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯು ಪ್ರತಿಯೊಂದು ಹೊಲದ ನಿವ್ವಳ ಉತ್ಪನ್ನವನ್ನು ಲೆಕ್ಕಹಾಕಿ ಅದರ ಮೇಲೆ ಕಂದಾಯ ಕಟ್ಟಲು ಯತ್ನಿಸಿದನು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ನಿರ್ದುಷ್ಟವಾದ ಯೋಜನೆ. ಆಚರಣೆಯಲ್ಲಿ ಬಿದ್ದುಹೋಯಿತು, ಏಕೆಂದರೆ ಅದು ಬೇಡುತ್ತಿದ್ದ ಮಾಹಿತಿಯನ್ನು ಪ್ರಾಮಾಣಿಕವಾಗಿ ಒದಗಿಸುವ ವ್ಯವಸ್ಥೆಯೇ ಇರಲಿಲ್ಲ. ಅನಂತರ ಬಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಪ್ರಶ್ನೆಯನ್ನೇ ಬದಲಿಸಿದರು. ನಿವ್ವಳ ಉತ್ಪನ್ನವೆಷ್ಟೆಂದು ಕೇಳುವ ಬದಲು, ಒಂದು ಹೊಲ ಇನ್ನೊಂದಕ್ಕಿಂತ ಎಷ್ಟು ಉತ್ತಮವೆಂದು ಕೇಳಿದರು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಒಂಬತ್ತು ತರಗತಿಗಳನ್ನು ಮಾಡಿದರು. ಹದಿನಾರಾಣೆಯ ಹೊಲಕ್ಕೆ ಹೋಲಿಸಿ ಉಳಿದವುಗಳಿಗೆ ಬೆಲೆಗಟ್ಟಿ, ಮೂವತ್ತು ವರ್ಷಗಳ ಜಮಾಬಂದಿಯನ್ನು ಗೊತ್ತುಮಾಡಿದರು. 1843-44ರಿಂದ ಧಾರವಾಡ ಜಿಲ್ಲೆಗೆ ಕಾಲಿಟ್ಟ ಮೋಜಣಿ ಈ ಕ್ರಮದ್ದೇ. ಇವರಿಬ್ಬರೂ ಡೇವಿಡ್‌ಸನ್ನನೊಡನೆ ಸೇರಿ 1847ರಲ್ಲಿ ಒಪ್ಪಿಸಿದ ಜಂಟಿ ವರದಿಯನ್ನು ಇಂದಿನ ಮಾತಿನಲ್ಲಿ ಅವಶ್ಯಕತಾ ಪತ್ರವೆಂದೇ ಕರೆಯಬಹುದು.

ಆ ಪತ್ರದ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದವು. ಸರಕಾರಕ್ಕೆ ಬೇಕಾದುದು ಕಂದಾಯ. ಕಂದಾಯಕ್ಕೆ ಹೊಣೆಯಾದ ಒಬ್ಬ ಖಾತೆದಾರನ ಹೆಸರು ಸಾಕು. ಆ ಹೊಲದಲ್ಲಿ ಪಾಲುಳ್ಳ ಅಣ್ಣತಮ್ಮಂದಿರು, ಅಡವು ಹಿಡಿದವನು, ಗೇಣಿಗೆ ಉಳುವವನು, ಇವರೆಲ್ಲ ಪುಸ್ತಕದ ಹೊರಗೆ ಉಳಿದರು. ಅವರ ಹಕ್ಕುಗಳನ್ನು ದಾಖಲಿಸಲು ಪ್ರತ್ಯೇಕ ಕಾಯಿದೆ ಬಂದದ್ದು 1903ರಲ್ಲಿ. ಒಮ್ಮೆ ‘ವ್ಯಾಪ್ತಿಗೆ ಸೇರದು’ ಎಂದು ಬಿಟ್ಟುಹೋದ ವಿಷಯ ಪುಸ್ತಕದೊಳಗೆ ಬರಲು 56 ವರ್ಷಗಳು ಹಿಡಿದವು.

ಈ ಹಿನ್ನೆಲೆಯಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯನ್ನು ನೋಡಬೇಕು. ಭೂದಾಖಲೆಗಳನ್ನು ಗಣಕೀಕರಿಸುವ ಕೇಂದ್ರ ಸರಕಾರದ ಯೋಜನೆ 1988-89ರಲ್ಲಿ ದೇಶದ 8 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಪ್ರಾರಂಭವಾಗಿತ್ತು. ಕರ್ನಾಟಕದ ಮೊದಲ ಯತ್ನಗಳಲ್ಲಿ ದತ್ತಾಂಶವನ್ನು ಯಂತ್ರಕ್ಕೆ ತುಂಬುವುದಷ್ಟೇ ಗುರಿಯಾಗಿದ್ದು, ತಾಲೂಕಿನಲ್ಲಿ ದಿನದಿನವೂ ನಡೆಯುವ ಹಕ್ಕು ಬದಲಾವಣೆಗಳು ಅದಕ್ಕೆ ಸೇರದೆ, ತುಂಬಿದುದು ಹಳಸಿಹೋಯಿತು. ‘ಭೂಮಿ’ ಈ ಪಾಠವನ್ನು ಕಲಿತಿತ್ತು. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರಚಿಸಿದ ತಂತ್ರಾಂಶದೊಡನೆ ಅದು ಮದ್ದೂರು ತಾಲೂಕಿನಲ್ಲಿ ಮೊದಲು ಪ್ರಯೋಗಗೊಂಡು, 2002ರ ಹೊತ್ತಿಗೆ ರಾಜ್ಯವನ್ನು ವ್ಯಾಪಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಯಂತ್ರವನ್ನು ಸೇರಿದವು. ಅಂದು 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿ ದೊರೆಯುವಂತಾಯಿತು.

ಯೋಜನಾ ನಿರ್ವಹಣೆಯ ದೃಷ್ಟಿಯಿಂದ ಇದರ ಮೂರು ನಿರ್ಧಾರಗಳು ಪ್ರಶಂಸಾರ್ಹವಾಗಿವೆ. ಒಂದನೆಯದು, ಗಣಕೀಕರಣ ಮುಗಿದ ತಾಲೂಕಿನಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಗೊಳಿಸಿದ್ದು. ಹಳೆಯ ದಾರಿ ತೆರೆದಿರುವವರೆಗೆ ಹೊಸ ದಾರಿಯಲ್ಲಿ ಯಾರೂ ನಡೆಯುವುದಿಲ್ಲ. ಎರಡನೆಯದು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಸರತಿಗೆ ಕಟ್ಟಿದ್ದು. ಮೂರನೆಯದು, ಅಧಿಕಾರಿಯ ಬೆರಳಚ್ಚಿಲ್ಲದೆ ದಾಖಲೆ ತಿದ್ದಲಾಗದಂತೆ ಮಾಡಿದ್ದು. ಮೊದಲ ವರ್ಷಗಳಲ್ಲಿಯೇ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಅಧ್ಯಯನವು ಲಂಚವೂ ವಿಳಂಬವೂ ಗಣನೀಯವಾಗಿ ಇಳಿದುವೆಂದು ಕಂಡುಕೊಂಡಿತು. ಇದನ್ನು ಅಲ್ಲಗಳೆಯುವ ವಿಮರ್ಶೆ ನ್ಯಾಯವಾದುದಲ್ಲ.

ಆದರೆ ಅವಶ್ಯಕತೆಯನ್ನು ನಿರೂಪಿಸಿದ ಬಗೆ ಯಾವುದು? ಪಹಣಿಯ ಪ್ರತಿಯನ್ನು ಶೀಘ್ರವಾಗಿ, ಲಂಚವಿಲ್ಲದೆ ಒದಗಿಸುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಪಹಣಿಯಲ್ಲಿ ಬರೆದುದು ಹೊಲದಲ್ಲಿರುವ ಸ್ಥಿತಿಗೆ ಹೊಂದುತ್ತದೆಯೇ ಎಂಬುದು ಬೇರೊಂದು ಪ್ರಶ್ನೆ. ಅದು ವ್ಯಾಪ್ತಿಯ ಹೊರಗೆ ಉಳಿಯಿತು. ಗ್ರಾಮಲೆಕ್ಕಿಗರು ಕೈಬರಹದ ಪುಸ್ತಕದೊಡನೆ ಮುದ್ರಿತ ಪ್ರತಿಯನ್ನು ತಾಳೆನೋಡಿದರು. ಪ್ರತಿಯು ಮೂಲಕ್ಕೆ ನಿಷ್ಠವಾಯಿತು. ಮೂಲವು ಸತ್ಯಕ್ಕೆ ನಿಷ್ಠವಾಗಿತ್ತೇ ಎಂದು ಯಾರೂ ಕೇಳಲಿಲ್ಲ.

ಧಾರವಾಡ ತಾಲೂಕಿನ ಹೆಬ್ಬಳ್ಳಿಯಂಥ ಎರಿಭೂಮಿಯ ಊರನ್ನು ಉದಾಹರಣೆಗೆ ಭಾವಿಸೋಣ. ಪಹಣಿಗೆ ನಮ್ಮ ಕಡೆ ‘ಉತಾರ’ ಎಂದು ಹೆಸರು. ತಂದೆ ತೀರಿಕೊಂಡು ವರ್ಷಗಳಾದರೂ ಒಂಬತ್ತನೆಯ ಅಂಕಣದಲ್ಲಿ ಅವನ ಹೆಸರೇ ಇರುವುದು, ಮಕ್ಕಳು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು ಪೋಡಿಯಾಗದೆ ಉಳಿಯುವುದು, ಉಳುವವನ ಹೆಸರು ಹನ್ನೆರಡನೆಯ ಅಂಕಣದಲ್ಲಿ ಕಾಣದಿರುವುದು, ಇವು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕದ ತಿದ್ದುಪಡಿ 1994ರಿಂದಲೂ ಕೇಂದ್ರದ ತಿದ್ದುಪಡಿ 2005ರಿಂದಲೂ ಕೊಟ್ಟಿವೆ. ಉತಾರದಲ್ಲಿ ಅವರ ಹೆಸರು ತಾನಾಗಿ ಬರುವುದಿಲ್ಲ. ಹಿಂದಿನ ಕಾಲದಲ್ಲಿ ಇಂತಹ ಅಂತರಗಳನ್ನು ಕುಲಕರ್ಣಿಯೋ ತಲಾಠಿಯೋ ತಮ್ಮ ನೆನಪಿನಲ್ಲಿ ತುಂಬಿಕೊಡುತ್ತಿದ್ದರು. ಆ ನೆನಪು ಪಕ್ಷಪಾತಕ್ಕೂ ಲಂಚಕ್ಕೂ ಎಡೆಗೊಟ್ಟಿದ್ದು ನಿಜ. ಆದರೂ ಅದು ಮಾಹಿತಿಯಾಗಿತ್ತು. ಸಲಹೆಗಾರನ ಚಿತ್ರದಲ್ಲಿ ಅದು ನಿವಾರಿಸಬೇಕಾದ ದೋಷವಾಗಿ ಮಾತ್ರ ಕಾಣುತ್ತದೆ.

ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಲಿನ ಪರಿಸ್ಥಿತಿಯನ್ನು ಆಧರಿಸಿ ಇನ್ನೂ ಕಟುವಾದ ಟೀಕೆಯನ್ನು ಮುಂದಿಟ್ಟರು. ಅವರ ಮತದಂತೆ, ದಾಖಲೆಗಳು ಒಂದೆಡೆ ಸೇರಿ ಸುಲಭವಾಗಿ ದೊರೆಯುವಂತಾದದ್ದು ಸಣ್ಣ ಹಿಡುವಳಿದಾರರಿಗಿಂತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಹೆಚ್ಚು ಅನುಕೂಲವಾಯಿತು; ಲಂಚವೂ ಅಳಿಯದೆ ಮೇಲಿನ ಹಂತಕ್ಕೆ ಸರಿಯಿತು. ಈ ತೀರ್ಮಾನವನ್ನು ಇಡೀ ರಾಜ್ಯಕ್ಕೆ ಹಚ್ಚುವುದು ಸರಿಯಾಗಲಾರದು. ರಾಜಧಾನಿಯ ಅಂಚಿನ ಭೂಮಿಗೂ ಬಯಲುಸೀಮೆಯ ಹತ್ತಿಯ ಹೊಲಕ್ಕೂ ಬಹಳ ವ್ಯತ್ಯಾಸವುಂಟು. ಆದರೆ ಹಿಂದಿನ ಅಧ್ಯಯನಕ್ಕೂ ಈ ಟೀಕೆಗೂ ನಿಜವಾದ ವಿರೋಧವಿಲ್ಲವೆಂದು ನಮ್ಮ ಅಭಿಪ್ರಾಯ. ಒಂದು, ಪತ್ರದಲ್ಲಿ ಬರೆದ ಅವಶ್ಯಕತೆ ನೆರವೇರಿತೇ ಎಂದು ಅಳೆಯಿತು. ಇನ್ನೊಂದು, ಪತ್ರದಲ್ಲಿ ಬರೆಯದಿದ್ದುದರ ಫಲವನ್ನು ಎಣಿಸಿತು.

‘ಭೂಮಿ’ಯನ್ನು ನಡೆಸಿದವರು ಇಲಾಖೆಯನ್ನು ಒಳಗಿನಿಂದ ಬಲ್ಲವರು. 2006ರಲ್ಲಿ ಅಂಗೀಕೃತವಾದ ರಾಷ್ಟ್ರೀಯ ಇ-ಆಡಳಿತ ಯೋಜನೆಯ ಅನಂತರ ಇಂತಹ ಪತ್ರಗಳ ರಚನೆಯಲ್ಲಿ ಹೊರಗಿನ ಸಲಹಾ ಸಂಸ್ಥೆಗಳ ಪಾತ್ರ ಬೆಳೆಯಿತು. ಹೊರಗಿನವನು ಪಕ್ಷಪಾತವಿಲ್ಲದೆ ನೋಡಬಲ್ಲನೆಂಬುದು ಲಾಭ. ಆದರೆ ಅವನಿಗೆ ಹಣ ಕೊಡುವವರು ಯಾರೋ, ಸಹಿ ಹಾಕುವವರು ಯಾರೋ ಅವರೇ ಅವನ ಮುಂದೆ ಸಾಕ್ಷಿಗಳು. ಕಚೇರಿಯ ಮೇಜಿನ ಈಚೆಗೆ ನಿಂತವನು ‘ಫಲಾನುಭವಿ’ ಎಂಬ ಒಂದು ಶಬ್ದವಾಗಿ ಉಳಿಯುತ್ತಾನೆ. ಇತಿಹಾಸಕಾರನು ಒಬ್ಬನೇ ಸಾಕ್ಷಿಯನ್ನು ನಂಬಿ ಬರೆದ ಗ್ರಂಥವನ್ನು ನಾವು ಒಪ್ಪುವುದಿಲ್ಲ. ಅದೇ ನಿಯಮವನ್ನು ಇಲ್ಲಿಯೂ ಅನ್ವಯಿಸಬೇಡವೇ?

ಆದುದರಿಂದ ಇಂತಹ ಪತ್ರವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಯಾರ ಮಾತನ್ನು ಕೇಳಿ ಇದನ್ನು ಬರೆದರು? ವ್ಯಾಪ್ತಿಯ ಹೊರಗೆ ಯಾವುದನ್ನು ಬಿಟ್ಟರು, ಮತ್ತು ಆ ನಷ್ಟ ಯಾರ ಪಾಲಿಗೆ ಬಂತು? ಸಹಿ ಬಿದ್ದ ಮೇಲೆ ತಿದ್ದುವ ದಾರಿ ಯಾರಿಗೆ ತೆರೆದಿತ್ತು? ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಪತ್ರಗಳು ಉಳಿಯಬೇಕು. 1847ರ ಜಂಟಿ ವರದಿ ಮುದ್ರಿತವಾಗಿ ಉಳಿದುದರಿಂದಲೇ ನಾವಿಂದು ಅದನ್ನು ವಿಮರ್ಶಿಸಬಲ್ಲೆವು. ನಮ್ಮ ಕಾಲದ ಅವಶ್ಯಕತಾ ಪತ್ರಗಳೂ ಕರಾರು ಮುಗಿದೊಡನೆ ಕಣ್ಮರೆಯಾಗದೆ ಪತ್ರಾಗಾರವನ್ನು ಸೇರಬೇಕು. ಹೊಲದ ಪಾಲಿಗಾಗಿ ಕಚೇರಿಯ ಮುಂದೆ ನಿಲ್ಲುವ ಮಗಳಿಗೆ, ತನ್ನ ಹೆಸರು ಯಂತ್ರದಲ್ಲಿ ಏಕಿಲ್ಲವೆಂದು ತಿಳಿಯುವ ಹಕ್ಕುಂಟು. ಆ ಕಾರಣವನ್ನು ಹುಡುಕಿ ಹೇಳುವ ಕರ್ತವ್ಯ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದ್ದಾಗಿದೆ.