ಪರದೆಯಿಲ್ಲದ ಆಟ

ಬಯಲಾಟದ ಒಂದು ಬಗೆಯಾದ ಸಣ್ಣಾಟದಲ್ಲಿ ದೃಶ್ಯ ಬದಲಾಯಿತೆಂದು ಹೇಳಲು ಪರದೆ ಬೇಕಿಲ್ಲ. ದಪ್ಪು ಎಂಬ ಚರ್ಮವಾದ್ಯದ ಪೆಟ್ಟು ಬಿದ್ದು, ಪಾತ್ರಧಾರಿ ಎರಡು ಸುತ್ತು ಹಾಕಿದರೆ ಜಾತ್ರೆ ಹೋಗಿ ಮನೆಯಂಗಳ ಬರುತ್ತದೆ. ದಪ್ಪಿನಾಟ ಎಂಬ ಹೆಸರು ಇದಕ್ಕೆ ಸುಮ್ಮನೆ ಬಂದಿಲ್ಲ.

ಇಂಥದೊಂದು ಸಣ್ಣಾಟ ‘ಸಂಗ್ಯಾ ಬಾಳ್ಯಾ’, ಬೈಲಹೊಂಗಲ ಸೀಮೆಯ ಕತೆ. ಚಂದ್ರಶೇಖರ ಕಂಬಾರರ ಆಸಕ್ತಿಯಿಂದ ಅದು ಓದುಗರಿಗೂ ನಗರದ ರಂಗಕ್ಕೂ ಹತ್ತಿರವಾಯಿತು. ಯಾದಗಿರಿ, ಶಹಾಪುರ, ಸುರಪುರದ ನಮ್ಮಂಥವರಿಗೆ ಬಯಲಾಟವೆಂದರೆ ಮೊದಲು ಕಣ್ಣಿಗೆ ಬರುವುದು ದೊಡ್ಡಾಟದ ಕಿರೀಟ, ಭುಜಕೀರ್ತಿ, ನೆಲ ನಡುಗಿಸುವ ಕುಣಿತ. ಸಣ್ಣಾಟದಲ್ಲಿ ಅದೊಂದೂ ಇಲ್ಲ. ಧೋತರ, ರುಮಾಲು ಸುತ್ತಿದ ಸಂಗ್ಯಾ ನಮ್ಮ ಓಣಿಯವನೇ ಅನ್ನಿಸುತ್ತಾನೆ. ಅವನ ಮೋಹವೂ ಅಷ್ಟೇ ಹತ್ತಿರದ್ದು.

ಗೆಳೆಯ ಈರಣ್ಣನ ಹೆಂಡತಿ ಗಂಗಾಳ ಮೇಲೆ ಅವನ ಮನಸ್ಸು. ನಂಬಿದ ಗೆಳೆಯ ಬಾಳ್ಯಾನೇ ಕೊನೆಗೆ ಅವನನ್ನು ಸಾವಿಗೆ ಒಪ್ಪಿಸುತ್ತಾನೆ. ಕತೆ ಇಷ್ಟೇ. ಆದರೆ ಪಾತ್ರಧಾರಿಯ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಹಾಡುವಾಗ, ಒಬ್ಬನ ಆಸೆ ಊರಿನ ಬಾಯಿಗೆ ಬಂದಂತಾಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಇದೇ. ಮೊಹರಂ ಪದಗಳಲ್ಲಿ ಕರ್ಬಲಾದ ದುಃಖವನ್ನು ಕನ್ನಡದಲ್ಲೇ ಹಾಡಿ, ಕೇಳಿ ಬೆಳೆದ ನಮ್ಮ ಸೀಮೆಯ ಕಿವಿಗೆ ಹಾಡಿನಿಂದ ಹಾಡಿಗೆ ದಾಟುವ ನೋವು ಹೊಸತಲ್ಲ.

ಗಂಗಾಳಾಗಿ ನಿಂತ ಗಂಡಸು ಸೆರಗು ಸರಿಪಡಿಸಿಕೊಂಡು ದನಿ ಇಳಿಸಿದಾಗ ಮುಂದಿನ ಸಾಲಿನ ಮುದುಕಿಯರು ಮಾತು ನಿಲ್ಲಿಸುತ್ತಾರೆ. ಆಗ ದಪ್ಪೂ ಮೆಲ್ಲಗೆ ನುಡಿಯುತ್ತದೆ.