ಪೆಟ್ಟಿಗೆಗೆ ರಾಗ ಗೊತ್ತಿಲ್ಲ

ಮನೆಯ ಸ್ಪೀಕರಿಗೆ ಚಿಕ್ಕದೊಂದು ಡಿಜಿಟಲ್ ಪ್ಲೇಯರ್ ಜೋಡಿಸಬೇಕು ಎಂದು ಬಾಯಿಬಿಟ್ಟರೆ ಎರಡು ಬಗೆಯ ಬುದ್ಧಿವಾದ ತಪ್ಪದೆ ಸಿಗುತ್ತದೆ. ಆಡಿಯೋ ಹುಚ್ಚಿನವರು ಮೊದಲು ಡ್ಯಾಕ್ (ಅಂಕಿಗಳನ್ನು ನಾದದ ಅಲೆಯಾಗಿಸುವ ಚಿಪ್) ಯಾವುದು ಎನ್ನುತ್ತಾರೆ, ಆಮೇಲೆ ಸಿ.ಡಿ.ಗಿಂತ ಹೆಚ್ಚು ವಿವರದ ಹೈ-ರೆಸ್ ಫೈಲು ಇದೆಯೇ ಎನ್ನುತ್ತಾರೆ, ಕೊನೆಗೆ ಕೇಬಲಿನ ಬೆಲೆ ಕೇಳಿ ಕನಿಕರದಿಂದ ನೋಡುತ್ತಾರೆ. ಉಳಿದವರದು ಒಂದೇ ಮಾತು: 'ಫೋನಲ್ಲಿ ಬ್ಲೂಟೂತ್ ಇದೆಯಲ್ಲ, ಇನ್ನೇನು ಬೇಕು?' ಎದುರುಬದುರು ಕಾಣುವ ಈ ಎರಡು ಪಕ್ಷಗಳೂ ಒಳಗೊಳಗೇ ಒಂದು ವಿಷಯದಲ್ಲಿ ರಾಜಿಯಾಗಿವೆ. ಪ್ಲೇಯರಿನ ಕೆಲಸ ನಾದ ಹೊರಡಿಸುವುದು, ಅಷ್ಟೇ, ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರಿಗೆ ಆ ನಾದಕ್ಕೆ ದುಡ್ಡು ಸುರಿಯಬೇಕು, ಇನ್ನೊಬ್ಬರಿಗೆ ಇದ್ದದ್ದೇ ಸಾಕು. ನನ್ನ ತಕರಾರು ಈ ನಂಬಿಕೆಯ ಮೇಲೆಯೇ. ನಾದದ ಪ್ರಶ್ನೆ ಬಹುಮಟ್ಟಿಗೆ ಎಂದೋ ಇತ್ಯರ್ಥವಾಗಿದೆ. ಪ್ಲೇಯರ್ ಗೆಲ್ಲುವುದೂ ಸೋಲುವುದೂ ಗ್ರಂಥಪಾಲಕನ ಕೆಲಸದಲ್ಲಿ: ಯಾವುದರ ಹಿಂದೆ ಯಾವುದು ಬರಬೇಕು, ಯಾವುದನ್ನು ಯಾರ ಹೆಸರಿನಡಿ ಇಡಬೇಕು ಎಂಬಲ್ಲಿ. 'ಸಿಂಪಲ್' ಎಂದು ಮಾರಾಟವಾಗುವ ಪೆಟ್ಟಿಗೆಗಳು ನಮ್ಮ ಸಂಗೀತದ ಮುಂದೆ ತಡವರಿಸುವುದು ಅಲ್ಲೇ.

ನಾದದ ಲೆಕ್ಕ ಬೇಗ ಮುಗಿಸೋಣ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ನಿಗದಿಯಾಗಿದ್ದದ್ದು ಸೆಕೆಂಡಿಗೆ 44,100 ಸ್ಯಾಂಪಲ್, ತಲಾ 16 ಬಿಟ್. ಇದರಲ್ಲಿ 22,050 ಹರ್ಟ್ಸ್‌ವರೆಗಿನ ಧ್ವನಿ ಹಿಡಿಯುತ್ತದೆ. ಎಳೆಯ ಕಿವಿಗೆ ಕೇಳುವುದೇ ಸುಮಾರು 20,000ದ ತನಕ. ಐವತ್ತು ದಾಟಿದ ನನ್ನ ಕಿವಿಯ ಪಾಡು ಬಿಡಿ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೋರನ್ ಎಂಬಿಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೈ-ರೆಸ್ ಡಿಸ್ಕು ನುಡಿಯುತ್ತಿದ್ದಾಗ ನಡುದಾರಿಯಲ್ಲಿ ಅದನ್ನು ಸಿ.ಡಿ. ಮಟ್ಟಕ್ಕೆ ಇಳಿಸುವ ಒಂದು ಕೊಂಡಿ ತೂರಿಸಿ, ಯಾವಾಗ ತೂರಿಸಿದೆವು ಹೇಳಿ ಎಂದು ಕೇಳುಗರನ್ನು ಪರೀಕ್ಷಿಸಿದರು. ಮಾಮೂಲಿ ವಾಲ್ಯೂಮಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಬಳಸಿದ ಡಿಸ್ಕುಗಳ ಬಗ್ಗೆ ಆಕ್ಷೇಪಗಳು ಬಂದಿವೆ, ನಿಜ. ಆದರೂ ಸಾಧಾರಣ ಡ್ಯಾಕ್ ಚಿಪ್ಪಿನ ದೋಷಕ್ಕಿಂತ ಸ್ಪೀಕರಿನ ದೋಷ ಎಷ್ಟೋ ಪಟ್ಟು ದೊಡ್ಡದು; ಸ್ಪೀಕರನ್ನು ಮೂಲೆಯಿಂದ ಒಂದಡಿ ಮುಂದೆ ಎಳೆದರೆ ಆಗುವ ಬದಲಾವಣೆ ಚಿಪ್ ಬದಲಿಸಿದರೆ ಆಗುವುದಿಲ್ಲ.

ನನ್ನ ಪೆಟ್ಟಿಗೆ ಅಂಗೈಯಗಲದ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಅದರ 40 ಪಿನ್ನುಗಳ ಮೇಲೆ ಒಂದು ಡ್ಯಾಕ್ ಕಾರ್ಡು ಕೂತಿದೆ, ಅಲ್ಲಿಂದ ಕೆಂಪು-ಬಿಳಿ ತಂತಿ ಹಳೆಯ ಆಂಪ್ಲಿಫೈಯರಿಗೆ ಹೋಗಿದೆ. ಜೋಡಿಸಲು ಒಂದು ಸಂಜೆ ಹಿಡಿಯಿತು. ಹಾಗಾದರೆ ನಾದದಲ್ಲಿ ತೊಂದರೆಯೇ ಬರಲಿಲ್ಲವೇ ಎಂದರೆ, ಬಂತು. ಹಳೆಯ ಫೋನ್ ಚಾರ್ಜರಿನಿಂದ ಪೈಗೆ ಕರೆಂಟು ಕೊಟ್ಟಿದ್ದೆ. 'ಬಿಳಿ ಒಂದು' ಶ್ರುತಿಯಲ್ಲಿ ಹಾಡಿದ ಒಂದು ಖಯಾಲ್ ಹಾಕಿದೆ. ತಂಬೂರಿಯ ಮೊದಲ ತಂತಿ, ಮಂದ್ರ ಪಂಚಮ, ಅಲುಗುತ್ತಿತ್ತು. ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತಿತ್ತು. ತಂಬೂರಿ ಸೇರಿಸಿದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಹಾಡು ನಿಲ್ಲಿಸಿದ ಮೇಲೆ ಗೊತ್ತಾಯಿತು, ಸ್ಪೀಕರ್ ಸಣ್ಣಗೆ ಗುಂಯ್ ಎನ್ನುತ್ತಿದೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್, ಅದರ ಇಮ್ಮಡಿ 100. ಬಿಳಿ ಒಂದರ ಷಡ್ಜ 130.8 ಹರ್ಟ್ಸ್ ಆದರೆ ಅದರ ಮಂದ್ರ ಪಂಚಮ 98. ಎರಡು ಹರ್ಟ್ಸಿನ ಅಂತರಕ್ಕೆ ಸೆಕೆಂಡಿಗೆ ಎರಡು ಅಲೆ! ಅಡಾಪ್ಟರ್ ಬದಲಿಸಿ, ಪೈ, ಆಂಪ್ಲಿಫೈಯರ್ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದ ಮೇಲೆ ಪಂಚಮ ಸ್ಥಿರವಾಗಿ ನಿಂತಿತು. ಡ್ರಮ್ಮು ಗಿಟಾರುಗಳಲ್ಲಿ ಮುಚ್ಚಿಹೋಗುವ ಈ ಗುಂಯ್ ಸದ್ದು, ಎಡೆಬಿಡದೆ ಶ್ರುತಿ ಹಿಡಿಯುವ ಸಂಗೀತದಲ್ಲಿ ಬೆತ್ತಲಾಗುತ್ತದೆ. ಹೈ-ರೆಸ್ ಬೇಕೇ ಬೇಡವೇ ಎಂದು ಪುಟಗಟ್ಟಲೆ ಬರೆಯುವವರು ಇದರ ಬಗ್ಗೆ ಎರಡು ಸಾಲು ಬರೆದಿದ್ದರೆ ನನಗೆ ಒಂದು ಸಂಜೆ ಉಳಿಯುತ್ತಿತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ಲೇಯರ್ ತಂತ್ರಾಂಶಗಳೆಲ್ಲ ಪಾಪ್ ಸಂಗೀತದ ಅಚ್ಚಿನಲ್ಲಿ ಎರಕವಾದವು. ಹಾಡು ಎಂಬುದು ಮೂರು-ನಾಲ್ಕು ನಿಮಿಷದ ಬಿಡಿ ವಸ್ತು, ಹಾಡಿಗೊಬ್ಬ ಕಲಾವಿದ, ಹಾಡು-ಹಾಡಿನ ನಡುವೆ ಚೂರು ಮೌನ. ಕಛೇರಿಯ ಧ್ವನಿಮುದ್ರಣವನ್ನು ಈ ಅಚ್ಚಿಗೆ ತುರುಕಿದಾಗ ಆಲಾಪನೆ ಒಂದು ಟ್ರ್ಯಾಕು, ಕೃತಿ ಇನ್ನೊಂದು, ತನಿ ಮತ್ತೊಂದು ಆಗುತ್ತದೆ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಕೆಲವು ಮಿಲಿಸೆಕೆಂಡು ಮೌನ ಅಂಟಿಕೊಳ್ಳುತ್ತದೆ. ಅದನ್ನು ಕತ್ತರಿಸಿ ಬೆಸೆಯುವ ಜಾಣತನ ಎಲ್ಲ ಪ್ಲೇಯರಿಗೂ ಇಲ್ಲ. ಸಿನಿಮಾ ಹಾಡಿಗೆ ಇದು ಲೆಕ್ಕಕ್ಕೇ ಇಲ್ಲದ ವಿಷಯ. ಕಛೇರಿಯಲ್ಲಿ ಮಾತ್ರ ತಂಬೂರಿಯೇ ಟಪ್ಪೆಂದು ಕಡಿದು ಮತ್ತೆ ಹುಟ್ಟುತ್ತದೆ. ಬಳ್ಳಾರಿಯಿಂದ ಬರುವ ರೈಲು ಪ್ರತಿ ಸ್ಟೇಷನ್ನಿನಲ್ಲೂ ಮಾಯವಾಗಿ ಮತ್ತೆ ಕಂಡಂತೆ. ಹಾಗಾಗಿ ಯಾವ ಪ್ಲೇಯರಾದರೂ ನಾನು ಮಾಡುವ ಮೊದಲ ಪರೀಕ್ಷೆ ಇದೇ: ಟ್ರ್ಯಾಕ್ ಬದಲಾಗುವಾಗ ತಂಬೂರಿ ನಿಲ್ಲುತ್ತದೆಯೇ? ನಿಂತರೆ ಅದರ ಡ್ಯಾಕ್ ಯಾವುದಾದರೇನು.

ಹೆಸರಿನ ಗೊಂದಲ ಇದಕ್ಕಿಂತ ಆಳವಾದದ್ದು. 1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ನಾವು ಕವಿ ನಿಸಾರ್ ಅಹಮದ್ ಅವರದೆಂದೇ ಕರೆಯುತ್ತೇವೆ. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಭಾವಗೀತೆಯಲ್ಲಿ ಕವಿಯೇ ಯಜಮಾನ. ಎಂಪಿ3 ಫೈಲಿನ ಟ್ಯಾಗಿನಲ್ಲಿ ಸಾಹಿತ್ಯ ಬರೆದವರಿಗೆ ಒಂದು ಖಾನೆ ಇದೆ, ಬಹುಪಾಲು ಪ್ಲೇಯರುಗಳು ಅದನ್ನು ತೋರಿಸುವುದೇ ಇಲ್ಲ. 'ಕಂಪೋಸರ್' ಖಾನೆ ತ್ಯಾಗರಾಜರಿಗೆ, ಪುರಂದರದಾಸರಿಗೆ ಹೇಗೋ ಒಗ್ಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕಮಹಾದೇವಿಯ ವಚನವನ್ನು ಎಲ್ಲಿ ಇಡೋಣ? ನಾನು ಕಂಡುಕೊಂಡ ಅಡ್ಡದಾರಿ, 'ಜಾನರ್' ಖಾನೆಯಲ್ಲಿ ರಾಗದ ಹೆಸರು ಬರೆಯುವುದು. ಆರು ವಾರ ಊಟವಾದ ಮೇಲೆ ಕೂತು ಬರೆದೆ. ಪೆಟ್ಟಿಗೆ ವಿಧೇಯವಾಗಿ ರಾಗದ ಪಟ್ಟಿ ತೋರಿಸಿತು. 'ತೋಡಿ' ಒತ್ತಿದೆ. ಕರ್ನಾಟಕ ಸಂಗೀತದ ಒಂದು ಕೃತಿ ಮುಗಿದದ್ದೇ ಹಿಂದೂಸ್ತಾನಿಯ ಒಂದು ಬಂದಿಶ್ ಶುರುವಾಯಿತು, ಊರೇ ಬೇರೆ! ಕರ್ನಾಟಕ ಪದ್ಧತಿಯ ತೋಡಿ ಹಿಂದೂಸ್ತಾನಿಯ ಭೈರವಿಯ ಸ್ವರಗಳದ್ದು, ಹಿಂದೂಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಯ ನೆಂಟ. ತಪ್ಪು ಪೆಟ್ಟಿಗೆಯದಲ್ಲ, ನನ್ನದೇ. ಗ್ರಂಥಪಾಲಕನ ಕುರ್ಚಿಯಲ್ಲಿ ಕೂತ ಮೇಲೆ ವಿಷಯ ಗೊತ್ತಿರಬೇಕು.

ಇಲ್ಲಿ ಒಂದು ಪ್ರಬಲ ಪ್ರತಿವಾದವಿದೆ. ಇಷ್ಟೆಲ್ಲ ಯಾರಿಗೆ ಬೇಕು? 2017ರಲ್ಲಿ ಸರೆಗಮ ಕಂಪನಿ 5,000 ಹಿಂದಿ ಹಾಡು ತುಂಬಿಸಿ, ಹಳೆಯ ರೇಡಿಯೋ ರೂಪದಲ್ಲಿ 'ಕಾರವಾನ್' ತಂದಿತು. ಹಬ್ಬಕ್ಕೆ ಅಪ್ಪ ಅಮ್ಮಂದಿರಿಗೆ ಮಕ್ಕಳು ಕೊಂಡುಕೊಟ್ಟರು, ಅವರು ಸಂತೋಷದಿಂದ ಕೇಳಿದರು. ಟ್ಯಾಗೂ ಇಲ್ಲ, ವೈಫೈಯೂ ಇಲ್ಲ. ಆಡಿಯೋ ಹುಚ್ಚಿನವರು ಅದರ ಸ್ಪೀಕರ್ ಬಗ್ಗೆ ನಕ್ಕರು; ನಾನು ನಗಲಾರೆ. ಗುಂಡಿ ತಿರುಗಿಸಿದರೆ ಹಾಡು ಬರಬೇಕು, ನಡುವೆ ಬ್ಯಾಂಕಿನ ಮೆಸೇಜು ಟಿಂಗ್ ಎನ್ನಬಾರದು ಎಂಬುದನ್ನು ಅದು ನನ್ನ ಪೈಗಿಂತ ಚೆನ್ನಾಗಿ ಅರಿತಿತ್ತು. ಆದರೆ ಗಮನಿಸಿ, ಅದನ್ನು ಗೆಲ್ಲಿಸಿದ್ದು ನಾದವಲ್ಲ, ಆಯ್ಕೆ. ಯಾರೋ ಕೂತು ಸಾವಿರಾರು ಹಾಡುಗಳನ್ನು ಹೆಸರುಹೆಸರಿನಡಿ ವಿಂಗಡಿಸಿದ್ದರು. ಅಂದರೆ ಗ್ರಂಥಪಾಲಕನ ಕೆಲಸವನ್ನು ನಮ್ಮ ಬದಲು ಕಂಪನಿ ಮಾಡಿತ್ತು, ತನ್ನ ಉಗ್ರಾಣದ ಎಲ್ಲೆಯೊಳಗೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕಂಪನಿಗೆ ವಹಿಸಿದ ಮೇಲೆ ಅದರ ಆಯುಷ್ಯವನ್ನೂ ಒಪ್ಪಿಕೊಳ್ಳಬೇಕು. 2015ರಲ್ಲಿ ಗೂಗಲ್ 35 ಡಾಲರಿಗೆ ತಂದ ಕ್ರೋಮ್‌ಕಾಸ್ಟ್ ಆಡಿಯೋ ಈ ಬಗೆಯ ಪೆಟ್ಟಿಗೆಗಳಲ್ಲೇ ಅಂದವಾದದ್ದು. 2019ರಲ್ಲಿ ತಯಾರಿಕೆ ನಿಂತಿತು. 2025ರ ಮಾರ್ಚಿನಲ್ಲಿ ಅದರೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದು, ಚೆನ್ನಾಗಿದ್ದ ಪೆಟ್ಟಿಗೆಗಳು ಒಂದೇ ಸಲಕ್ಕೆ ಮೂಕವಾದವು. ಕೆಲವು ದಿನಗಳಲ್ಲಿ ಸರಿಪಡಿಸಿದರು ಅನ್ನಿ. ಇದಕ್ಕೆ ಎದುರಾಗಿ, ಲಾಜಿಟೆಕ್ 2012ರಲ್ಲಿ ಕೈಬಿಟ್ಟ ಸ್ಕ್ವೀಜ್‌ಬಾಕ್ಸ್ ಪ್ಲೇಯರಿನ ಸರ್ವರ್ ತಂತ್ರಾಂಶ ಎಲ್ಲರಿಗೂ ತೆರೆದದ್ದಾಗಿದ್ದರಿಂದ ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಇಂದಿಗೂ ಬದುಕಿದೆ. ನಮ್ಮಲ್ಲಿ ಇನ್ನೊಂದು ಪೀಡೆ, ಕರೆಂಟು. ನಾನು ಮೊದಲು ಹಾಕಿದ್ದ ತಂತ್ರಾಂಶ ಒಂದು ಮಳೆಗಾಲದಲ್ಲಿ ಎರಡು ಮೆಮೊರಿ ಕಾರ್ಡು ನುಂಗಿತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡುತ್ತದೆ. ಈಗಿನದು ಪೈಕೋರ್‌ಪ್ಲೇಯರ್, ಪೂರ್ತಿ ರ‍್ಯಾಮಿನಲ್ಲೇ ಓಡುತ್ತದೆ, ಪ್ಲಗ್ ಕಿತ್ತರೂ ಕೊರಗುವುದಿಲ್ಲ. ಪ್ಲಗ್ ಹಾಕಿದರೆ ಸಾಕು ಎಂದು ಹೊಗಳುವವರು ಪ್ಲಗ್ ಕೀಳುವುದರ ಬಗ್ಗೆಯೂ ಒಂದು ಮಾತು ಹೇಳಲಿ.

ಟ್ಯಾಗ್ ಬರೆಯುವ ಕೆಲಸ ಇನ್ನೂ ಮುಗಿದಿಲ್ಲ. ಮೊನ್ನೆ ಒಂದು ಹಳೆಯ ಫೋಲ್ಡರ್ ತೆರೆದರೆ ಪರದೆಯ ಮೇಲೆ 'ಟ್ರ್ಯಾಕ್ 07', ಅದರ ಕೆಳಗೆ 'ಅನಾಮಿಕ ಕಲಾವಿದ'. ಒತ್ತಿದೆ. ಕರಕರ ಸದ್ದಿನ ನಡುವೆ ಚುರುಕಾದ ಹೆಣ್ಣುದನಿ, ಮೂರು ನಿಮಿಷದಲ್ಲಿ ಓಡೋಡಿ ಮುಗಿದ ಹಾಡು. 1902ರಿಂದ ಕಲ್ಕತ್ತೆಯಲ್ಲಿ ಧ್ವನಿಮುದ್ರಿಸಿದ ಮೊದಮೊದಲ ಗ್ರಾಮಫೋನ್ ಪ್ಲೇಟುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಲೇಬಲ್ ಅಂಟಿಸುವವರಿಗೆ ಯಾರ ಹಾಡು ಎಂದು ತಿಳಿಯಲಿ ಎಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳುತ್ತಿದ್ದರಂತೆ. ಸ್ವರ ನಿಂತಿತು. ಒಂದು ಕ್ಷಣ ಬಿಟ್ಟು, 1930ರಲ್ಲಿ ನಮ್ಮ ಮೈಸೂರಿನಲ್ಲೇ ಕಣ್ಣುಮುಚ್ಚಿದ ಆ ಹೆಂಗಸು ಇಂಗ್ಲಿಷಿನಲ್ಲಿ, ಸ್ವಲ್ಪ ಬಿಂಕದಿಂದಲೇ, ತನ್ನ ಹೆಸರು ಗೌಹರ್ ಜಾನ್ ಎಂದರು. ಪರದೆಯ ಮೇಲೆ ಇನ್ನೂ 'ಅನಾಮಿಕ ಕಲಾವಿದ' ಎಂದೇ ಇತ್ತು.